ಬರೆಯಲು ಕೂತರೆ ಭಾಷಣದ ಕನ್ನಡವೇ ಬರುತ್ತದೆ, ಏನು ಮಾಡಲಿ?

ಹೊಸಬ:
ನಮಸ್ಕಾರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಓದಿದೆ, ಆಮೇಲೆ ಎಲ್ಲಾ ಇಂಗ್ಲಿಷೇ. ಈಗ ಊರು, ಅಜ್ಜಿ ಅಂತ ಏನಾದರೂ ಬರೆಯುವ ಆಸೆ. ಮಾತಾಡಲು ಕಷ್ಟವೇ ಇಲ್ಲ, ಬರೆದರೆ ಮಾತ್ರ ಯಾರೋ ಮೈಕ್ ಹಿಡಿದು ನಿಂತ ಹಾಗಿರುತ್ತದೆ. ನಿನ್ನೆ ಬರೆದದ್ದು ಇದು, ನಗಬೇಡಿ:

“ಯಾವ ಮನೆಯಲ್ಲಿ ನಾನು ಬಾಲ್ಯವನ್ನು ಕಳೆದೆನೋ ಆ ಮನೆಯು ಒಂದು ಸುಂದರವಾದ ಮನೆಯಾಗಿತ್ತು. ಯುಗಾದಿಯಂದು ಅಜ್ಜಿಯಿಂದ ಮಾಡಲ್ಪಟ್ಟ ಹೋಳಿಗೆಯು ಎಲ್ಲರಿಂದಲೂ ಇಷ್ಟಪಡಲ್ಪಡುತ್ತಿತ್ತು.”

ಹೆಂಚಿನಮನೆ:
ನಗಲಿಲ್ಲ, ನಾನೂ ಹೀಗೇ ಬರೆಯುತ್ತಿದ್ದೆ. ನಿಮ್ಮ ಮನೆಯಲ್ಲಿ ಯಾರಾದರೂ “ಅಜ್ಜಿಯಿಂದ ಮಾಡಲ್ಪಟ್ಟ ಹೋಳಿಗೆ ತಿಂದೆಯಾ” ಅಂತ ಕೇಳಿದ್ದುಂಟಾ? ಈ ‘ಅಲ್ಪಟ್ಟ’ ಇಂಗ್ಲಿಷ್ ವಾಕ್ಯದ ನೆರಳು. “ಅಜ್ಜಿ ಮಾಡಿದ ಹೋಳಿಗೆ” ಸಾಕು. “ಯಾವ ಮನೆಯಲ್ಲಿ... ಆ ಮನೆ” ಅಂತ ಸುತ್ತುವ ಬದಲು “ನಾನು ಬೆಳೆದ ಮನೆ” ಅನ್ನಿ. ‘ಒಂದು’ ಅಲ್ಲಿ ಸುಮ್ನೆ ಬಂದು ಕೂತಿದೆ, ಎಬ್ಬಿಸಿ ಕಳಿಸಿ. ಆದರೆ ನನಗೆ ಜಾಸ್ತಿ ಕಾಡಿದ್ದು ‘ಸುಂದರವಾದ’. ಅದರಿಂದ ಮನೆ ಕಣ್ಣಿಗೆ ಬರಲ್ಲ. ತೊಟ್ಟಿ ಇತ್ತಾ, ಹೆಂಚಾ, ತಾರಸಿನಾ? ಹೋಳಿಗೆ ಬೇಳೆಯದಾ ಕಾಯಿಯದಾ? ನನಗಂತೂ ಕಾಯಿ ಹೋಳಿಗೆಯೇ ಹೋಳಿಗೆ, ಅದಿರಲಿ.

ಟೈಪಿಸ್ಟ್:
ಒಂದು ಸುಲಭದ ದಾರಿ ಇದೆ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ, ತಂಗಿಗೆ ಹೇಳುವ ಹಾಗೆ ಹೇಳಿಬಿಡಿ, ಆಮೇಲೆ ಕೂತು ತಿದ್ದಿ. ಮಾತಿನಲ್ಲಿ ಹೇಳಿದ್ದನ್ನೇ ಮೂರು ಸಲ ಹೇಳಿರುತ್ತೇವೆ, ಅರ್ಧ ಹೋಗುತ್ತದೆ, ಹೋಗಲಿ. ಕಾಗುಣಿತ ಕೊನೆಗೆ ನೋಡಿ: ‘ವಿಧ್ಯಾರ್ಥಿ’ ಅಲ್ಲ ‘ವಿದ್ಯಾರ್ಥಿ’, ‘ಅದ್ಬುತ’ ಅಲ್ಲ ‘ಅದ್ಭುತ’. ಅನುಮಾನ ಬಂದರೆ ಕೇಳಲು ನಾಚಿಕೆ ಬೇಡ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಇಂಥ ಅನುಮಾನಗಳನ್ನೇ ಬಿಡಿಸಿದರು. ಮತ್ತೆ, ಕಂಪ್ಯೂಟರಿನಲ್ಲಿ ‘ನುಡಿ’, ‘ಬರಹ’ ಅನ್ನುವ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಬೇಡಿ, ಬೇರೆಯವರ ಫೋನಿನಲ್ಲಿ ಏನೇನೋ ಅಕ್ಷರ ಕಾಣುತ್ತದೆ. ಎಲ್ಲರ ಫೋನಿನಲ್ಲೂ ಓದಲು ಬರುವ ಯುನಿಕೋಡ್ ಸಾಕು.

ಜಗಲಿ:
ಮಾತಾಡಿದ ಹಾಗೆಯೇ ಬರೆಯಿರಿ ಅನ್ನುವುದನ್ನು ನಾನು ಪೂರ್ತಿ ಒಪ್ಪಲ್ಲ. ನನ್ನದು ಧಾರವಾಡ ಕಡೆ ಮಾತು, ಹಾಗೇ ಬರೆದರೆ ಮಂಗಳೂರಿನವರು ಎರಡೆರಡು ಸಲ ಓದಬೇಕು. ಸಂಭಾಷಣೆಯಲ್ಲಿ ಊರ ಮಾತು ಇರಲಿ, ಉಳಿದದ್ದು ಎಲ್ಲರಿಗೂ ತಿಳಿಯುವ ಹಾಗಿರಲಿ. ಇನ್ನೊಂದು, ಪತ್ರಿಕೆಗಳ ವಾಚಕರ ವಾಣಿಗೆ ಪತ್ರ ಬರೆಯಿರಿ. ನನ್ನೂರಿನ ಬಸ್ ನಿಲ್ದಾಣದ ಬಗ್ಗೆ ಒಂದು ಪತ್ರಿಕೆಗೆ ಎರಡು ಪುಟ ಕಳಿಸಿದ್ದೆ, ಅಚ್ಚಾಗಿದ್ದು ಆರು ಸಾಲು. ಸಿಟ್ಟು ಬಂತು. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಓದಿದೆ, ನಾನು ಹೇಳಬೇಕಿದ್ದದ್ದೆಲ್ಲಾ ಆ ಆರು ಸಾಲಿನಲ್ಲೇ ಇತ್ತು.

ಹೊಸಬ:
ಮೈಕ್ ಒತ್ತಿ ಹೇಳಿ, ಕಡಿದು, ಮತ್ತೆ ಬರೆದೆ:

“ನಾನು ಬೆಳೆದದ್ದು ಹೆಂಚಿನ ಮನೆಯಲ್ಲಿ. ಮಳೆ ಬಂದರೆ ಮೂರು ಕಡೆ ಪಾತ್ರೆ ಇಡಬೇಕು. ಯುಗಾದಿಗೆ ಅಜ್ಜಿ ಬೇಳೆ ಹೋಳಿಗೆ ಮಾಡುತ್ತಿದ್ದಳು. ಮೊದಲನೆಯದು ಯಾವಾಗಲೂ ಹರಿಯುತ್ತಿತ್ತು. ಹರಿದದ್ದು ನನಗೆ.”

ಹೆಂಚಿನಮನೆ:
ಇದೇ ಅಜ್ಜಿ! ಇಲ್ಲಿಗೇ ನಿಲ್ಲಿಸಬೇಡಿ, ಎರಡನೇ ಹೋಳಿಗೆ ಯಾರಿಗೆ ಹೋಯಿತು?