ಅಪೂರ್ಣ ಡಯಲೆಲ್: ಒಂದೇ ಮರಕ್ಕೆ ಎರಡು ಜಿಸಿಎ ಬರುತ್ತಿದೆ, ಮಾಡೆಲ್ ಹೇಗೆ ಬರೆಯಬೇಕು?

ಪ್ರಶ್ನೆ

ಪೈನ್ ತಳಿ ಪ್ರಯೋಗದ ಡೇಟಾ. 12 ಪೋಷಕ ಮರಗಳ ಹಾಫ್ ಡಯಲೆಲ್ (ಪ್ರತಿ ಜೋಡಿಯನ್ನೂ ಒಂದೇ ದಿಕ್ಕಿನಲ್ಲಿ ಸಂಕರಿಸುವ ಯೋಜನೆ), ಸೆಲ್ಫ್ (ಸ್ವಪರಾಗ) ಇಲ್ಲ. 66 ಸಂಕರ ಆಗಬೇಕಿತ್ತು, ಬೀಜ ಸಿಕ್ಕಿದ್ದು 31ಕ್ಕೆ. ಒಂದೇ ತಾಣ, 30 ಬ್ಲಾಕ್, ಪ್ರತಿ ಬ್ಲಾಕಿನಲ್ಲಿ ಸಂಕರಕ್ಕೊಂದು ಸಸಿ. ಈಗ ಸಂಕರಕ್ಕೆ 20ರಿಂದ 28 ಮರ ಉಳಿದಿವೆ. ತಾಯಿ, ತಂದೆ, ಸಂಕರ ಮೂರನ್ನೂ ಬೇರೆಬೇರೆ ರ‍್ಯಾಂಡಮ್ ಎಫೆಕ್ಟ್ ಮಾಡಿ ಎತ್ತರವನ್ನು ವಿಶ್ಲೇಷಿಸಿದರೆ 7ನೇ ಮರದ ಜಿಸಿಎ (ಎಲ್ಲ ಜೋಡಿಗಳಲ್ಲೂ ಆ ಮರ ಸಂತತಿಗೆ ಕೊಡುವ ಸರಾಸರಿ ಕೊಡುಗೆ) ತಾಯಿಯಾಗಿ ಮೇಲೆ, ತಂದೆಯಾಗಿ ಕೆಳಗೆ ಬರುತ್ತಿದೆ. ಗ್ರಿಫಿಂಗ್ ವಿಧಾನ 4 (ಪೋಷಕರನ್ನು ಬಿಟ್ಟು ಒಂದೇ ದಿಕ್ಕಿನ ಸಂಕರಗಳನ್ನು ವಿಶ್ಲೇಷಿಸುವ ಸೂತ್ರಗಳು) ನಡೆಯುತ್ತದೆಯೇ? 11ನೇ ಮರ ಒಂದೇ ಸಂಕರದಲ್ಲಿದೆ, ಕೈಬಿಡಲೇ?

ಉತ್ತರ 1

ಗ್ರಿಫಿಂಗ್ ಸೂತ್ರಗಳಿಗೆ ಎಲ್ಲ ಕೋಶಗಳೂ ತುಂಬಿರಬೇಕು. ಖಾಲಿ 35 ಕೋಶಗಳಿಗೆ ಸರಾಸರಿ ತುಂಬಿ ಓಡಿಸಬೇಡಿ, ಜಿಸಿಎ ಮತ್ತು ಎಸ್‌ಸಿಎ (ಆ ನಿರ್ದಿಷ್ಟ ಜೋಡಿಗೆ ಮಾತ್ರ ಸೇರಿದ ವಿಶೇಷ ಪರಿಣಾಮ) ಇವುಗಳ ವೇರಿಯನ್ಸ್ (ಹರಡಿಕೆಯ ಅಳತೆ) ಅಂದಾಜು ತಪ್ಪುತ್ತದೆ. ರೆಮಲ್ (ಅಪೂರ್ಣ ಡೇಟಾದಿಂದಲೂ ವೇರಿಯನ್ಸ್ ಅಂದಾಜಿಸುವ ವಿಧಾನ) ಮಿಶ್ರ ಮಾಡೆಲ್ಲೇ ಸರಿ, ಆದರೆ ಒಂದು ಮರಕ್ಕೆ ಒಂದೇ ಜಿಸಿಎ ಇರಬೇಕು. ತಾಯಿ, ತಂದೆಯ ಡಿಸೈನ್ ಮ್ಯಾಟ್ರಿಕ್ಸ್‌ಗಳನ್ನು ಒಂದರ ಮೇಲೊಂದು ಕೂಡಿಸಿ: 3×7 ಸಂಕರದ ಮರದ ಸಾಲಿನಲ್ಲಿ 3 ಮತ್ತು 7ನೇ ಕಾಲಂಗೆ 1, ಉಳಿದ ಹತ್ತಕ್ಕೆ 0. ಆರ್‌ನ ಸಾಮರ್ ಪ್ಯಾಕೇಜ್‌ನಲ್ಲಿ ಇದಕ್ಕೆ ಓವರ್‌ಲೇ ಎಂಬ ಫಂಕ್ಷನ್ ಇದೆ. ಆರ್‌ನ ಇನ್ನೊಂದು ಪ್ಯಾಕೇಜ್ ಎಲ್‌ಎಂಇ4ನ ಸಾಮಾನ್ಯ ಫಾರ್ಮುಲಾದಲ್ಲಿ ನೇರವಾಗಿ ಆಗುವುದಿಲ್ಲ.

ಎಡವುವುದು ಇಲ್ಲಿ: ತಾಯಿ ಕಾಲಂನಲ್ಲಿ 10 ಮರ, ತಂದೆ ಕಾಲಂನಲ್ಲಿ 9 ಮರ ಇದ್ದರೆ ಫ್ಯಾಕ್ಟರ್ ಲೆವೆಲ್‌ಗಳ ಕ್ರಮ ಹೊಂದುವುದಿಲ್ಲ. ಮ್ಯಾಟ್ರಿಕ್ಸ್ ಕೈಯಾರೆ ಕೂಡಿಸಿದಾಗ ಬೇರೆ ಮರಗಳು ಒಂದೇ ಕಾಲಂಗೆ ಬಿದ್ದು, ಎರರ್ ಇಲ್ಲದೆಯೇ ತಪ್ಪು ಉತ್ತರ ಬರುತ್ತದೆ. ಎರಡಕ್ಕೂ ಅದೇ 12 ಲೆವೆಲ್ ಕೊಟ್ಟು, ಒಂದೆರಡು ಸಾಲುಗಳನ್ನು ಕಣ್ಣಾರೆ ನೋಡಿ. 3×7, 7×3 ಎರಡೂ ಇದ್ದರೆ ಸಂಕರದ ಕೋಡ್ ಒಂದೇ ಇರಲಿ.

ಪ್ರಶ್ನೆ ಕೇಳಿದವರು

ಓವರ್‌ಲೇಯಲ್ಲಿ ಜಿಸಿಎ ವೇರಿಯನ್ಸ್ 0.8, ಎಸ್‌ಸಿಎ 0.4, ಉಳಿಕೆ 10 ಬಂತು.

ಉತ್ತರ 2

ಪೋಷಕರು ಪರಸ್ಪರ ಸಂಬಂಧಿಗಳಲ್ಲ, ಒಳಸಂಕರದವೂ ಅಲ್ಲ ಎಂದಾದರೆ ಅಡಿಟಿವ್ ವೇರಿಯನ್ಸ್ (ಸಂತತಿಗೆ ದಾಟುವ ತಳಿಗುಣದ ಭಾಗ) 4×0.8 = 3.2. ಫಿನೋಟೈಪಿಕ್ (ಕಾಣುವ ಒಟ್ಟು) ವೇರಿಯನ್ಸ್‌ನಲ್ಲಿ ಜಿಸಿಎ ಎರಡು ಸಲ ಸೇರುತ್ತದೆ: 1.6+0.4+10 = 12. ಬಿಡಿ ಮರದ ಅನುವಂಶೀಯತೆ 3.2/12, ಅಂದರೆ 0.27. ಒಂದೇ ತಾಣವಾದ್ದರಿಂದ ಪರಿಸರದೊಡನೆ ಆಗುವ ಪರಸ್ಪರ ಕ್ರಿಯೆಯೂ ಇದರೊಳಗೆ ಸೇರಿದೆ, ಹಾಗಾಗಿ ಇದು ಹಿಗ್ಗಿದ ಅಂದಾಜು.

11ನೇ ಮರವನ್ನು ಬಿಡಬೇಡಿ. ಅದರ ಜೋಡಿಯ ಜಿಸಿಎ ಗೊತ್ತಿದೆ ಎಂದುಕೊಳ್ಳಿ, 25 ಮರ ಉಳಿದಿವೆ ಎನ್ನಿ. ಸಂಕರದ ಸರಾಸರಿಯಲ್ಲಿ ಉಳಿದ ವ್ಯತ್ಯಾಸವನ್ನು ಬ್ಲಪ್ (ಪರಿಣಾಮಗಳನ್ನು ಸೊನ್ನೆಯತ್ತ ಎಳೆದು ಅಂದಾಜಿಸುವ ವಿಧಾನ) ಹಂಚುವುದು ಹೀಗೆ: ಜಿಸಿಎಗೆ 0.8/(0.8+0.4+10/25), ಅಂದರೆ ಅರ್ಧ, ಎಸ್‌ಸಿಎಗೆ ಕಾಲು ಭಾಗ. ಸಾವಿರ ಸಸಿ ನೆಟ್ಟರೂ ಜಿಸಿಎ ಪಾಲು 0.8/1.2 ದಾಟದು. ಆ ಮರಕ್ಕೆ ಬೇಕಿರುವುದು ಹೊಸ ಜೋಡಿಗಳು, ಹೆಚ್ಚು ಸಸಿಗಳಲ್ಲ. ಸೀಮಿತ ಜಾಗವನ್ನು ಸಂಕರಗಳ ಸಂಖ್ಯೆಗೆ ಕೊಡುವುದೇ ಲಾಭ ಎಂದು ನನ್ನ ಖಚಿತ ಅಭಿಪ್ರಾಯ.

ಸಂಪರ್ಕವನ್ನೂ ನೋಡಿ: ಒಂದು ಮರದಿಂದ ಹೊರಟು ಅದರ ಜೋಡಿಗಳು, ಆ ಜೋಡಿಗಳ ಜೋಡಿಗಳು ಎಂದು ಗುರುತಿಸುತ್ತ ಹೋದರೆ 12 ಮರಗಳೂ ಸಿಗಬೇಕು. ಎರಡು ಗುಂಪಾಗಿ ಒಡೆದರೆ, ಗುಂಪುಗಳ ನಡುವಿನ ಹೋಲಿಕೆಗೆ ಆಧಾರ ತೀರಾ ತೆಳು.

ಉತ್ತರ 3

ಎಸ್‌ಸಿಎ ಇದೆಯೇ ಎಂದು ಪರೀಕ್ಷಿಸುವಾಗ ವೇರಿಯನ್ಸ್ ಸೊನ್ನೆಗಿಂತ ಕೆಳಗಿಳಿಯದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಲೈಕ್ಲಿಹುಡ್ ಅನುಪಾತದ (ಎಸ್‌ಸಿಎ ಇರುವ, ಇಲ್ಲದ ಮಾಡೆಲ್‌ಗಳನ್ನು ಹೋಲಿಸುವ ಪರೀಕ್ಷೆಯ) 5% ಗಡಿ 3.84 ಅಲ್ಲ, 2.71. ಆಯ್ಕೆಗೆ ತಳಿಮೌಲ್ಯ ಜಿಸಿಎಯ ಎರಡರಷ್ಟು. ಆಗದೇ ಉಳಿದ 35 ಸಂಕರಗಳನ್ನು ಅಂದಾಜಿಸಲು ಒಟ್ಟು ಸರಾಸರಿಗೆ ಇಬ್ಬರು ಪೋಷಕರ ಜಿಸಿಎ ಕೂಡಿಸಿ. ಅವುಗಳ ಎಸ್‌ಸಿಎಯನ್ನು ಈ ಮಾಡೆಲ್ ಸೊನ್ನೆ ಎಂದೇ ಕೊಡುತ್ತದೆ.