ಮಗಳ ಕಾನ್ವೆಂಟ್ ಹೈಸ್ಕೂಲನ್ನು ಪಕ್ಕದ ಹುಡುಗರ ಹೈಸ್ಕೂಲಿಗೆ ಸೇರಿಸ್ತಾರಂತೆ, ಮೀಟಿಂಗಲ್ಲಿ ಏನೇನು ಕೇಳಬೇಕು?

ಆಲ್ದೂರಿನ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ಮಗಳು ಚಿಕ್ಕಮಗಳೂರಿನ ಒಂದು ಕಾನ್ವೆಂಟಿನಲ್ಲಿ 8ನೇ ಕ್ಲಾಸ್. ಅನುದಾನಿತ ಹೈಸ್ಕೂಲು, ಬರೀ ಹೆಣ್ಣುಮಕ್ಕಳು. ನಾನೂ ಅಲ್ಲೇ ಓದಿದ್ದು. ಗೋಡೆ ಆಚೆಗೆ ಚರ್ಚಿನವರದೇ ಹುಡುಗರ ಹೈಸ್ಕೂಲು ಇದೆ. ಗೋಡೆಯಲ್ಲಿ ಒಂದು ಸಣ್ಣ ಕಬ್ಬಿಣದ ಗೇಟು. ಅದರ ಬೀಗಕ್ಕೆ ವರ್ಷಕ್ಕೊಂದು ಸಲ ಚರ್ಚಿನ ಹಬ್ಬದ ಹಿಂದಿನ ದಿನ ಎಣ್ಣೆ ಬಿಟ್ಟು ತೆಗೆಯುತ್ತಾರೆ, ಹಬ್ಬ ಮುಗಿದ ಮೇಲೆ ಮತ್ತೆ ಹಾಕುತ್ತಾರೆ. ನನ್ನ ಕಾಲದಿಂದಲೂ ಹಾಗೇ. ಸಂಜೆ ನಮ್ಮ ಮಕ್ಕಳಿಗೆ 4:10ಕ್ಕೆ ಬೆಲ್, ಹುಡುಗರಿಗೆ 4:25ಕ್ಕೆ. ಆ ಹದಿನೈದು ನಿಮಿಷದಲ್ಲಿ ಹೆಣ್ಣುಮಕ್ಕಳು ಬಸ್ ಸ್ಟ್ಯಾಂಡ್ ಸೇರಿ ಸೀಟು ಹಿಡಿದು ಕೂತಿರುತ್ತಾರೆ. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು, ನಮ್ಮ ಕಡೆ ಎಷ್ಟೋ ಮನೆಯವರು ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸುವುದೇ ಇದನ್ನು ನಂಬಿಕೊಂಡು.

ಹೋದ ವಾರ ಪೋಷಕರ ಸಭೆಯಲ್ಲಿ ಹೇಳಿದರು, ಬರುವ ಜೂನಿಂದ ಎರಡೂ ಸೇರಿಸಿ ಒಂದೇ ಸ್ಕೂಲು ಮಾಡುತ್ತೇವೆ ಅಂತ. ಕಾರಣ ಮಕ್ಕಳು ಕಮ್ಮಿ. ಅದು ಸುಳ್ಳಲ್ಲ. ನಾನು ಓದುವಾಗ ಒಂದೊಂದು ಕ್ಲಾಸಿಗೆ ಎರಡೆರಡು ಸೆಕ್ಷನ್ ಇತ್ತು, ಈಗ ಮಗಳ ಕ್ಲಾಸಿನಲ್ಲಿ ಬರೀ 31 ಜನ. ಒಂದು ಫಾರಂ ಕೊಟ್ಟಿದ್ದಾರೆ, "ನನ್ನ ಒಪ್ಪಿಗೆ ಇದೆ" ಅಂತ ಸಹಿ ಹಾಕಿ ಕೊಡಬೇಕು. ಶನಿವಾರ ಮತ್ತೆ ಸಭೆ.

ನಮ್ಮ ಅತ್ತೆ ಆಗಲೇ ಹೇಳಿಬಿಟ್ಟಿದ್ದಾರೆ, ಗಂಡುಮಕ್ಕಳ ಜೊತೆ ಆದರೆ ಬೇಡ, ಇಲ್ಲೇ ಹತ್ತಿರದಲ್ಲಿ ಎಲ್ಲಾದರೂ ಹಾಕು ಅಂತ. ನನಗೆ ಇನ್ನೂ ಜಾಸ್ತಿ ಯೋಚನೆ ಇರುವುದು ಎಸ್ಟೇಟಿನ ಲೈನ್ ಮನೆಯ (ಕೂಲಿಯವರ ಸಾಲುಮನೆ) ಇಬ್ಬರು ಹುಡುಗಿಯರದ್ದು. ನನ್ನ ಮಗಳ ಜೊತೆಗೇ ಬಸ್ಸಿಗೆ ಹೋಗುತ್ತಾರೆ. ಅವರ ಅಪ್ಪ "ಹಂಗಾದ್ರೆ ಸಾಕು, ಮನೇಲಿರ್ಲಿ" ಅಂದನಂತೆ. ಬೇರೆ ಸ್ಕೂಲು ಅನ್ನುವ ಮಾತೇ ಇಲ್ಲ.

ನಾವು ಕ್ರೈಸ್ತರಲ್ಲ, ಇಷ್ಟು ವರ್ಷದಲ್ಲಿ ಆ ವಿಷಯಕ್ಕೆ ಒಂದು ದಿನವೂ ತೊಂದರೆ ಆಗಿಲ್ಲ. ಹೊಸ ಆಡಳಿತ ಬಂದರೆ ಅದೂ ಬದಲಾಗುತ್ತಾ? ಸಹಿ ಹಾಕಲಾ ಬೇಡವಾ? ಇಂಥದ್ದನ್ನು ನೋಡಿದವರು ಯಾರಾದರೂ ಇದ್ದರೆ ಹೇಳಿ.

ನಿವೃತ್ತ ಮೇಷ್ಟ್ರು, ಹಾಸನ

ತಾಯಿ, ನಾನು ಅನುದಾನಿತ ಶಾಲೆಗಳಲ್ಲೇ ಸವೆಸಿದವನು, ಆದ್ದರಿಂದ ಒಳಗಿನ ಲೆಕ್ಕ ಹೇಳುತ್ತೇನೆ.

ಮೊದಲು ಒಂದು ವಿಷಯ ಕೇಳಿಕೊಳ್ಳಿ. ಎರಡೂ ಶಾಲೆ "ಚರ್ಚಿನದ್ದು" ಅಂತ ಜನ ಹೇಳಿದರೂ ಆಡಳಿತ ಒಂದೇ ಇರುತ್ತದೆ ಅಂತೇನಿಲ್ಲ. ಸಾಮಾನ್ಯವಾಗಿ ಕಾನ್ವೆಂಟು ಸಿಸ್ಟರುಗಳ ಸಂಸ್ಥೆಯದು, ಹುಡುಗರ ಶಾಲೆ ಧರ್ಮಪ್ರಾಂತ್ಯದ್ದು, ಅಂದರೆ ಬಿಷಪ್ಪರ ಆಡಳಿತಕ್ಕೆ ಸೇರಿದ್ದು. ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆಗಿದ್ದೇ 1963ರಲ್ಲಿ, ಅದಕ್ಕೆ ಮುಂಚೆ ಈ ಕಡೆಯದೆಲ್ಲ ಮೈಸೂರಿಗೆ ಸೇರಿತ್ತು. ಎಷ್ಟೋ ಶಾಲೆಗಳು ಅದಕ್ಕಿಂತ ಹಳೆಯವು. ಹಾಗಾಗಿ ಸೇರಿಸುವುದು ಅಂದರೆ ಒಬ್ಬರು ತಮ್ಮ ಶಾಲೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಯಾರು ಬಿಡುತ್ತಿದ್ದಾರೆ, ನಾಳೆ ಏನಾದರೂ ಆದರೆ ನೀವು ಯಾರ ಬಾಗಿಲಿಗೆ ಹೋಗಬೇಕು, ಅದನ್ನು ಸಭೆಯಲ್ಲಿ ಹೆಸರು ಹಿಡಿದು ಹೇಳಿಸಿ.

ಎರಡನೆಯದು ಇಲಾಖೆ. ಅನುದಾನಿತ ಶಾಲೆಯ ಮೇಷ್ಟ್ರುಗಳಿಗೆ ಸಂಬಳ ಸರ್ಕಾರದ್ದು, ಕಟ್ಟಡ ಆಡಳಿತ ಮಂಡಳಿಯದು. ಬಿಷಪ್ಪರೂ ಸಿಸ್ಟರೂ ಒಪ್ಪಿದ ಮಾತ್ರಕ್ಕೆ ಆಗಿಬಿಡುವ ಕೆಲಸ ಇದಲ್ಲ. ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಕಚೇರಿ ದಾಟಿ ಮೇಲಿನಿಂದ ಆದೇಶ ಬರಬೇಕು. ಎರಡು ಶಾಲೆಗೂ ಬೇರೆ ಬೇರೆ ಯು-ಡೈಸ್ ಸಂಖ್ಯೆ (ಸರ್ಕಾರ ಶಾಲೆಗೆ ಕೊಡುವ ಗುರುತಿನ ಸಂಖ್ಯೆ) ಇರುತ್ತದೆ, ಮಕ್ಕಳ ಹೆಸರೆಲ್ಲ ಇಲಾಖೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಅದರ ಕೆಳಗೇ ಇರುತ್ತದೆ. 10ನೇ ಕ್ಲಾಸಿನ ಮಕ್ಕಳನ್ನು ಪರೀಕ್ಷಾ ಮಂಡಳಿಗೆ ನೋಂದಾಯಿಸುವುದು ಶಾಲೆಯ ಮೂಲಕ. ಆದೇಶ ಕೈಗೆ ಬರುವ ಮುಂಚೆ ಮಕ್ಕಳನ್ನು ಆ ಕಟ್ಟಡಕ್ಕೆ ಸಾಗಿಸಿದರೆ ಕಾಗದದಲ್ಲಿ ಒಂದು ಶಾಲೆ, ಕೂತಿರುವುದು ಇನ್ನೊಂದು ಶಾಲೆ ಅಂತಾಗುತ್ತದೆ. ಆದೇಶದ ನಕಲು ತೋರಿಸಿ ಅಂತ ಕೇಳಿ. ತೋರಿಸಲು ಇಲ್ಲದಿದ್ದರೆ ಸಹಿಗೆ ಏನೂ ಅವಸರ ಇಲ್ಲ.

ಹಳೇ ದಾಖಲಾತಿ ರಿಜಿಸ್ಟರುಗಳು ಎಲ್ಲಿಗೆ ಹೋಗುತ್ತವೆ ಅಂತಲೂ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷ ಆದ ಮೇಲೆ ಯಾರಿಗೋ ಹುಟ್ಟಿದ ದಿನಾಂಕಕ್ಕೆ, ಜಾತಿ ದಾಖಲೆಗೆ ಅದೇ ಪುಸ್ತಕದ ಪುಟ ಬೇಕಾಗುತ್ತದೆ. ಲೈನ್ ಮನೆಯ ಮಕ್ಕಳಿಗೆ ಎಷ್ಟೋ ಸಲ ಬೇರೆ ದಾಖಲೆಯೇ ಇರುವುದಿಲ್ಲ.

ಇನ್ನು ಲಾಭದ ಮಾತು. ನಿವೃತ್ತಿಯಾದವರ ಜಾಗ ವರ್ಷಗಟ್ಟಲೆ ತುಂಬುವುದಿಲ್ಲ. ಒಂದು ಕಡೆ ಗಣಿತಕ್ಕೆ ಕಾಯಂ ಮೇಷ್ಟ್ರಿಲ್ಲ, ಇನ್ನೊಂದು ಕಡೆ ವಿಜ್ಞಾನಕ್ಕಿಲ್ಲ, ಎರಡೂ ಕಡೆ ಆಡಳಿತ ಮಂಡಳಿ ಕೊಡುವ ಸಣ್ಣ ಸಂಬಳಕ್ಕೆ ಯಾರೋ ಬರುತ್ತಾರೆ, ಮಧ್ಯ ವರ್ಷ ಬಿಟ್ಟು ಹೋಗುತ್ತಾರೆ. ಸೇರಿಸಿದರೆ ಎರಡು ಅರ್ಧ ಸೇರಿ ಒಂದು ಪೂರ್ತಿ ಆಗಬಹುದು. ನಿಮ್ಮ ಮಗಳಿಗೆ ಅದು ದೊಡ್ಡ ಅನುಕೂಲ. ಆದರೆ ಅದೇ ಸಮಯಕ್ಕೆ ಒಂದೇ ವಿಷಯಕ್ಕೆ ಇಬ್ಬರಿದ್ದರೆ ಒಬ್ಬರು ಹೆಚ್ಚುವರಿ ಅಂತ ಬೇರೆ ಕಡೆ ಹೋಗಬೇಕಾಗುತ್ತದೆ, ಮುಖ್ಯ ಶಿಕ್ಷಕರ ಕುರ್ಚಿಯೂ ಒಂದೇ ಉಳಿಯುತ್ತದೆ. ಜೂನಿನಲ್ಲಿ ಯಾವ ವಿಷಯಕ್ಕೆ ಯಾರು, ಅದರಲ್ಲಿ ಮೇಡಂಗಳು ಎಷ್ಟು ಜನ, ಪಟ್ಟಿ ಕೇಳಿ.

ಧರ್ಮದ ಬಗ್ಗೆ ಕೇಳಿದಿರಲ್ಲ, ಸಂವಿಧಾನದ 28(3)ನೇ ವಿಧಿ ಸ್ಪಷ್ಟ ಇದೆ. ಮಾನ್ಯತೆ ಇರುವ ಅಥವಾ ಸರ್ಕಾರದ ದುಡ್ಡು ಪಡೆಯುವ ಯಾವ ಶಾಲೆಯಲ್ಲೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕಾಗಲಿ ಪ್ರಾರ್ಥನೆಗಾಗಲಿ ಕೂರಿಸುವ ಹಾಗಿಲ್ಲ. 30ನೇ ವಿಧಿ ಅವರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಕೊಟ್ಟಿದೆ, 28 ನಿಮಗೆ ಈ ಹಕ್ಕು ಕೊಟ್ಟಿದೆ. ನಾನು ಕಂಡ ಕಡೆಯೆಲ್ಲ ಅವರ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸು, ಉಳಿದವರಿಗೆ ಅದೇ ಹೊತ್ತಿಗೆ ನೀತಿಪಾಠ. ಈ ಪದ್ಧತಿ ಮುಂದುವರಿಯುತ್ತದಾ ಅಂತ ಕೇಳಿದರೆ ಸಾಕು.

ಸಕಲೇಶಪುರದ ಹಳೇ ವಿದ್ಯಾರ್ಥಿನಿ

ಅಕ್ಕಾ, ನಾನೂ ಸಿಸ್ಟರುಗಳ ಹತ್ತಿರ ಹೆಣ್ಣುಮಕ್ಕಳ ಸ್ಕೂಲಲ್ಲೇ ಓದಿದವಳು. ಮೇಷ್ಟ್ರು ಹೇಳಿದ್ದೆಲ್ಲ ಸರಿ, ಅದರಲ್ಲಿ ಬರದ ಒಂದು ವಿಷಯ ನನ್ನ ಹೊಟ್ಟೆಯೊಳಗೆ ಕೂತಿದೆ.

ನಮ್ಮ ಸ್ಕೂಲಲ್ಲಿ ಎಲ್ಲ ಕೆಲಸಾನೂ ಹುಡುಗಿಯರೇ ಮಾಡಬೇಕಿತ್ತು, ಯಾಕೆಂದರೆ ಬೇರೆ ಯಾರೂ ಇರಲಿಲ್ಲ. ಆಗಸ್ಟ್ 15ಕ್ಕೆ ಬೆಂಚು ಹೊತ್ತು ಗ್ರೌಂಡಿಗೆ ಇಡುವುದು ನಾವು, ಮೈಕ್ ಸೆಟ್ಟಿನ ವೈರು ಎಳೆಯುವುದು ನಾವು, ಗಂಟೆ ಹೊಡೆಯುವುದು ನಾವು. ಲ್ಯಾಬಲ್ಲಿ ಸ್ಪಿರಿಟ್ ಲ್ಯಾಂಪ್ ಹಚ್ಚಲು ನನಗೆ ಭಯ. ಸಿಸ್ಟರ್ ಬೆಂಕಿಪೊಟ್ಟಣ ನನ್ನ ಕೈಗೇ ಕೊಟ್ಟು ಪಕ್ಕದಲ್ಲಿ ನಿಂತರು. ಮೂರು ಕಡ್ಡಿ ಹಾಳಾಯಿತು, ನಾಲ್ಕನೆಯದು ಹತ್ತಿತು. ಆಮೇಲೆ ಪಿಯುಸಿಗೆ ಹುಡುಗರ ಜೊತೆ ಸೇರಿದೆ. ಲ್ಯಾಬಲ್ಲಿ ಮೊದಲ ದಿನವೇ ಹುಡುಗ ಕಡ್ಡಿ ಗೀರಿದ, ಹುಡುಗಿ ರೀಡಿಂಗ್ ಬರೆದುಕೊಂಡಳು. ಯಾರೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ, ಎಲ್ಲ ಟೇಬಲ್ಲಲ್ಲೂ ತಾನಾಗೇ ಹಾಗಾಯಿತು. ಎರಡು ವರ್ಷ ಹಾಗೇ ನಡೆಯಿತು.

ಆದ್ದರಿಂದ ಇದನ್ನು ಕೇಳಿ. ಗ್ರೌಂಡು ಯಾರಿಗೆ ಯಾವ ದಿನ? ಥ್ರೋಬಾಲ್ ಕೋರ್ಟ್ ಉಳಿಯುತ್ತಾ, ಇಲ್ಲಾ ಕ್ರಿಕೆಟ್ಟಿಗೆ ಹೋಗುತ್ತಾ? ಪಿಟಿ ಮೇಡಂ ಇರುತ್ತಾರಾ? ಸ್ಕೂಲ್ ಲೀಡರ್ ಒಬ್ಬ ಹುಡುಗ ಒಬ್ಬಳು ಹುಡುಗಿ ಅಂತ ನಿಯಮ ಮಾಡುತ್ತಾರಾ? ಲ್ಯಾಬಲ್ಲಿ ಹೆಣ್ಣುಮಕ್ಕಳ ಗುಂಪು ಬೇರೆ ಇಡಬಹುದು, ಅದಕ್ಕೆ ದುಡ್ಡೇನೂ ಬೇಡ.

ಬಿ.ಎಡ್. ಪಾಠ ಮಾಡುವವಳು

ಹುಡುಗರು ಹುಡುಗಿಯರು ಬೇರೆ ಬೇರೆ ಸ್ಕೂಲಲ್ಲಿ ಓದಿದರೆ ಮಾರ್ಕ್ಸ್ ಜಾಸ್ತಿ ಬರುತ್ತದಾ ಅನ್ನುವ ಪ್ರಶ್ನೆ ಶನಿವಾರ ಎದ್ದೇ ಏಳುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮಕ್ಕಳನ್ನು ಹೈಸ್ಕೂಲಿಗೆ ಲಾಟರಿ ಎತ್ತಿದ ಹಾಗೆ ಹಂಚುತ್ತಿದ್ದರು. ಅಲ್ಲಿ 2013ರಲ್ಲಿ ಬಂದ ಅಧ್ಯಯನದಲ್ಲಿ ಬೇರೆ ಬೇರೆ ಓದಿದವರ ಅಂಕ ಜಾಸ್ತಿ ಇತ್ತು. ಮರುವರ್ಷ 21 ದೇಶಗಳ 16 ಲಕ್ಷ ಮಕ್ಕಳ ಲೆಕ್ಕ ಒಟ್ಟು ಹಾಕಿ ನೋಡಿದವರಿಗೆ, ಚೆನ್ನಾಗಿ ಮಾಡಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ನಮ್ಮ ದೇಶದಲ್ಲಿ 1960ರ ದಶಕದ ಶುರುವಿನಲ್ಲೇ ಹಂಸಾ ಮೆಹ್ತಾ ಸಮಿತಿ ಹುಡುಗರಿಗೆ ಹುಡುಗಿಯರಿಗೆ ಪಾಠ ಬೇರೆ ಬೇರೆ ಬೇಡ ಅಂತ ಹೇಳಿತ್ತು. ಮಾರ್ಕ್ಸ್ ವಿಷಯದಲ್ಲಿ ಹೆದರಿ ಮಗಳನ್ನು ಬಿಡಿಸಬೇಡಿ. ಪಾಠ ಮಾಡುವವರು ಯಾರು ಅನ್ನುವುದು ಅದಕ್ಕಿಂತ ದೊಡ್ಡದು.

ಬೇಲೂರು ರಸ್ತೆ

ಸುಮ್ನೆ ಹೇಳುವುದಲ್ಲ, ನಾನು 9ನೇ ಕ್ಲಾಸಲ್ಲಿ ಇದ್ದಾಗ ನಮ್ಮ ಸ್ಕೂಲಿಗೂ ಹಿಂಗೇ ಪಕ್ಕದ ಹೆಣ್ಣುಮಕ್ಕಳ ಸ್ಕೂಲನ್ನು ಸೇರಿಸಿದರು. ಊರು ಹೇಳಲ್ಲ. ನಾವು ಹುಡುಗರು ನಮ್ಮ ಬಿಲ್ಡಿಂಗಲ್ಲೇ ಇದ್ದೆವು, ಅವರು ಬಂದರು. ಈ ಮಾತು ಗಮನಿಸಿ, ಬಂದವರು ಅವರು.

ಮೊದಲ ತಿಂಗಳು ಯಾರೂ ಮಾತಾಡಲಿಲ್ಲ. ಎಡಗಡೆ ಸಾಲು ನಾವು, ಬಲಗಡೆ ಅವರು. ತಂದೆತಾಯಿ ಹೆದರುವಂಥದ್ದು ಏನೂ ನಡೆಯಲಿಲ್ಲ. ನಿಜವಾಗಿ ನಡೆದದ್ದು ಬೇರೆ. ನಮ್ಮ ಶೌಚಾಲಯಕ್ಕೆ ಬಾಗಿಲು ಇತ್ತು, ಚಿಲಕ ಇರಲಿಲ್ಲ. ಒಂದರಲ್ಲಿ ನಲ್ಲಿ ಇತ್ತು, ನೀರಿರಲಿಲ್ಲ. ಹುಡುಗರಿಗೆ ಅದು ಯಾವತ್ತೂ ಲೆಕ್ಕಕ್ಕೇ ಬಂದಿರಲಿಲ್ಲ, ನಾವು ಹಿಂದಿನ ಗೋಡೆಗೆ ಹೋಗುತ್ತಿದ್ದೆವು. ಅದನ್ನೇ ಎರಡು ಭಾಗ ಮಾಡಿ, ಮಧ್ಯೆ ತಗಡು ಹೊಡೆದು, ಒಂದರ ಮೇಲೆ "ಬಾಲಕಿಯರು" ಅಂತ ಬರೆದರು.

ಹಿಂದಿ ಮೇಡಂ ಒಂದು ದಿನ ಮಧ್ಯಾಹ್ನ ಊಟ ಆದ ಮೇಲೆ ಬಲಗಡೆ ಸಾಲಿನ ಬೆಂಚು ಬೆಂಚಿಗೆ ಹೋಗಿ ನೀರಿನ ಬಾಟಲಿ ಎತ್ತಿ ನೋಡಿದರು. ನಮಗೆ ಯಾಕೆ ಅಂತ ಗೊತ್ತಾಗಲಿಲ್ಲ. ಎಲ್ಲ ಬಾಟಲಿಯೂ ಬೆಳಿಗ್ಗೆ ಮನೆಯಿಂದ ತುಂಬಿಕೊಂಡು ಬಂದ ಹಾಗೇ ತುಂಬಿತ್ತು. ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತಿದ ಮಕ್ಕಳು ಸಂಜೆ ಆರಕ್ಕೆ ಮನೆ ಸೇರುವ ತನಕ ನೀರೇ ಕುಡಿಯುತ್ತಿರಲಿಲ್ಲ. ತಿಂಗಳಿಗೆ ಮೂರು ದಿನ ರಜ ಹಾಕುತ್ತಿದ್ದವರು ಯಾಕೆ ಹಾಕುತ್ತಿದ್ದರು ಅಂತ ನನಗೆ ಅರ್ಥ ಆಗಿದ್ದು ನನಗೇ ಮಗಳು ಹುಟ್ಟಿ ಬೆಳೆದ ಮೇಲೆ. ಆ ಮೇಡಂ ಹೋಗಿ ಆಫೀಸಲ್ಲಿ ಬಾಟಲಿಗಳನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟರಂತೆ. ಒಂದು ತಿಂಗಳಲ್ಲಿ ಹೊಸದು ಕಟ್ಟಿದರು, ಒಳಗೆ ಚಿಲಕ, ಬಕೆಟ್ಟು, ಮುಚ್ಚಳ ಇರುವ ಡಬ್ಬ, ಎಲ್ಲ ಇತ್ತು. ಆಮೇಲೆ ಸ್ಕೂಲು ಚೆನ್ನಾಗೇ ನಡೆಯಿತು. ಗಣಿತದಲ್ಲಿ ನನ್ನನ್ನು ಪಾಸ್ ಮಾಡಿಸಿದ್ದೇ ಬಲಗಡೆ ಸಾಲಿನ ಒಬ್ಬಳು, ಇವತ್ತಿಗೂ ತಂಗಿ ಹಾಗೆ.

ಆದರೆ ಅಷ್ಟರೊಳಗೆ ಐದಾರು ಜನ ಸ್ಕೂಲು ಬಿಟ್ಟಾಗಿತ್ತು. ಅವರು ವಾಪಸ್ ಬರಲಿಲ್ಲ.

ಅಕ್ಕಾ, ಸಹಿ ಹಾಕುವ ಮುಂಚೆ ಆ ಬಿಲ್ಡಿಂಗಿಗೆ ಹೋಗಿ ಬಾಗಿಲು ಹಾಕಿ ನೋಡಿ. ಕಾಗದದಲ್ಲಿ ಎಲ್ಲ ಸ್ಕೂಲಲ್ಲೂ ಶೌಚಾಲಯ ಇರುತ್ತದೆ.

ಮಲ್ಲಂದೂರು

ಬಸ್ಸಿನ ವಿಷಯ ಯಾರೂ ಮುಟ್ಟಿಲ್ಲ. ಇಬ್ಬರಿಗೂ ಒಂದೇ ಬೆಲ್ ಆದರೆ ಸಂಜೆ ಬಸ್ಸಲ್ಲಿ ಹೆಣ್ಣುಮಕ್ಕಳು ಫುಟ್‌ಬೋರ್ಡಲ್ಲಿ ನಿಲ್ಲಬೇಕಾಗುತ್ತದೆ. ಕಾಫಿ ಕೊಯ್ಲಿನ ಟೈಮಲ್ಲಿ ಬಸ್ಸು ಹೇಗಿರುತ್ತದೆ ಅಂತ ಗೊತ್ತಲ್ಲ. ಒಂದೇ ಸ್ಕೂಲಾದರೂ ಹೆಣ್ಣುಮಕ್ಕಳನ್ನು ಹತ್ತು ನಿಮಿಷ ಮುಂಚೆ ಬಿಡಬಹುದು. ಜೊತೆಗೆ ಆಡಳಿತದವರ ಕೈಯಿಂದಲೇ ಡಿಪೋಗೆ ಅರ್ಜಿ ಕೊಡಿಸಿ, ಸ್ಕೂಲಿನ ಲೆಟರ್‌ಹೆಡ್ಡಲ್ಲಿ ಹೋದರೆ ಬೆಲೆ ಜಾಸ್ತಿ.

ಆಲ್ದೂರಿನ ಅಮ್ಮ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಶನಿವಾರ ಹೋಗಿ ಬಂದೆ.

ಮೇಷ್ಟ್ರೇ, ಆದೇಶ ಕೇಳಿದೆ. ಇನ್ನೂ ಬಂದಿಲ್ಲ, ಅರ್ಜಿ ಮಾತ್ರ ಹೋಗಿದೆ. ಫಾದರ್ ಮುಚ್ಚಿಡದೆ ಹೇಳಿದರು. ರಿಜಿಸ್ಟರ್ ವಿಷಯ ಕೇಳಿದಾಗ ಆಫೀಸಿನ ಕ್ಲರ್ಕ್ ತಲೆ ಎತ್ತಿ ನನ್ನ ಮುಖ ನೋಡಿದರು, ಅದನ್ನು ಬರೆದುಕೊಂಡರು. ನೀತಿಪಾಠ ಈಗಿನ ಹಾಗೇ ಇರುತ್ತದಂತೆ. ಶಿಕ್ಷಕರ ಪಟ್ಟಿ ಇನ್ನೂ ಇಲ್ಲ.

ಬೇಲೂರು ರಸ್ತೆ ಅಣ್ಣಾ, ನೀವು ಹೇಳಿದ್ದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಸಭೆ ಮುಗಿದ ಮೇಲೆ ಆ ಕಟ್ಟಡ ನೋಡಬೇಕು ಅಂದೆ. ಸಿಸ್ಟರ್ ಒಂದು ಮಾತೂ ಆಡದೆ ಕೀ ತಂದರು. ಗೇಟಿನ ಬೀಗಕ್ಕೆ ಎಣ್ಣೆ ಬಿಟ್ಟಿರಲಿಲ್ಲ, ಜಗ್ಗಿ ಜಗ್ಗಿ ತೆಗೆಯಬೇಕಾಯಿತು. ಹನ್ನೊಂದು ಜನ ಅಮ್ಮಂದಿರು ಹೋದೆವು. ಐದು ಶೌಚಾಲಯ. ಚಿಲಕ ಇದ್ದದ್ದು ಎರಡಕ್ಕೆ, ಅದರಲ್ಲಿ ಒಂದು ಹಾಕಿದರೆ ತೆಗೆಯಲು ಬರುವುದಿಲ್ಲ. ನೀರು ಒಂದಕ್ಕೂ ಇಲ್ಲ. ಅದನ್ನೇ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಎಲ್ಲರೂ ಹೆಸರು ಹಾಕಿ ಕೊಟ್ಟೆವು. ಒಪ್ಪಿಗೆ ಫಾರಂ ಯಾರೂ ಕೊಡಲಿಲ್ಲ. ಫಾದರ್ ಓದಿ, ಹೆಣ್ಣುಮಕ್ಕಳು ತಮ್ಮ ಕಟ್ಟಡದಲ್ಲೇ ಇರಲಿ, ಹುಡುಗರು ಈ ಕಡೆ ಬರಬಹುದಾ ನೋಡೋಣ ಅಂದರು. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ! ನಮ್ಮ ಕಡೆ ರೂಮು ಸಾಲುತ್ತಾ ಅಂತ ಲೆಕ್ಕ ಹಾಕಿ ಬರುವ ಶನಿವಾರ ಹೇಳುತ್ತಾರೆ.

ಲೈನ್ ಮನೆ ಹುಡುಗಿಯರ ಅಮ್ಮನೂ ನನ್ನ ಜೊತೆ ಬಂದಿದ್ದಳು, ಅರ್ಧ ದಿನದ ಕೂಲಿ ಬಿಟ್ಟು. ಚಿಲಕ ಹಾಕಿ ತೆಗೆದು ಮಾಡಿ ನೋಡಿದವಳು ಅವಳೇ. ಬರುವ ಶನಿವಾರಕ್ಕೆ ಗಂಡನನ್ನೂ ಕರೆದುಕೊಂಡು ಬರುತ್ತಾಳಂತೆ. ನಮ್ಮ ಅತ್ತೆಗೆ ಇದನ್ನೆಲ್ಲ ಹೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಯಾವ ಬಸ್ಸಿಗೆ ಹೋಗೋದು ಅಂತ ಕೇಳಿದರು.