ಬೊಲೆರೋ ಪಿಕಪ್‌ಗೆ ಬ್ಯಾಟರಿ ಇಂಪ್ಯಾಕ್ಟ್ ರೆಂಚ್: ಯಾವುದು ತಗೊಳ್ಳಲಿ?

ಪ್ರಶ್ನೆ, ತೀರ್ಥಹಳ್ಳಿ:
ತೋಟದ ಕೆಲಸಕ್ಕೆ ಒಂದು ಪಿಕಪ್ ಇಟ್ಕೊಂಡಿದ್ದೀವಿ. ಚಕ್ರ ಬಿಚ್ಚೋದು, ಬ್ರೇಕ್ ಕ್ಲೀನ್ ಮಾಡೋದು, ಯೂ ಬೋಲ್ಟ್ ನೋಡೋದು ಎಲ್ಲ ಮನೆಯಲ್ಲೇ. ಪಂಚರ್ ಅಂಗಡಿಯವರು ಏರ್ ಗನ್ನಲ್ಲಿ ಬಿಗಿದ ನಟ್ಟು ವೀಲ್ ಪಾನಾಕ್ಕೆ ಜಗ್ಗಲ್ಲ. ನಟ್ಟು ಬಿಚ್ಚೋ ಬ್ಯಾಟರಿ ಗನ್ (ಇಂಪ್ಯಾಕ್ಟ್ ರೆಂಚ್) ಬಳಸಿದವರು ದಯವಿಟ್ಟು ಹೇಳಿ.

ತುಮಕೂರು:
ಡಬ್ಬಿ ಮೇಲೆ ಎರಡು ಟಾರ್ಕ್ (ತಿರುಗಿಸೋ ಬಲ) ಬರೆದಿರ್ತಾರೆ ಸರ್, ಒಂದು ಬಿಗಿಯೋದಕ್ಕೆ, ಇನ್ನೊಂದು ಬಿಚ್ಚೋದಕ್ಕೆ. ದಪ್ಪ ಅಕ್ಷರದಲ್ಲಿ ಕಾಣೋದು ಸಾಮಾನ್ಯವಾಗಿ ಎರಡನೇದು. ಮಕೀಟಾ ಡಿಟಿಡಬ್ಲ್ಯೂ300ಕ್ಕೆ 330 ಮತ್ತು 580 ನ್ಯೂಟನ್ ಮೀಟರ್, ಬಾಷ್ ಜಿಡಿಎಸ್ 18ವಿ-400ಕ್ಕೆ 400 ಮತ್ತು 600. ಹೋಲಿಸುವಾಗ ಬಿಚ್ಚೋದನ್ನು ಬಿಚ್ಚೋದರ ಜೊತೆಗೇ ಹೋಲಿಸಿ. ಸಣ್ಣ ಪಿಕಪ್ ಚಕ್ರದ ನಟ್ಟಿಗೆ ಹೆಚ್ಚೂಕಡಿಮೆ 100ರಿಂದ 150ರ ಬಿಗಿ ಇರುತ್ತೆ. ತುಕ್ಕು, ಏರ್ ಗನ್ನಿನ ಹೊಡೆತ ಸೇರಿದರೆ ಬಿಚ್ಚೋಕೆ ಅದರ ಎರಡು ಮೂರು ಪಟ್ಟು ಬೇಕಾಗಬಹುದು. ಹಾಗಾಗಿ ನಿಮಗೆ 600ರ ಆಸುಪಾಸಿನದು, ಸಾಕೆಟ್ (ನಟ್ಟಿನ ಮೇಲೆ ಕೂರೋ ಬಟ್ಟಲು) ಸಿಕ್ಕಿಸೋ ಮೂತಿ ಅರ್ಧ ಇಂಚಿನ ಚೌಕ ಇರೋದು ಧಾರಾಳ ಸಾಕು. 1000ದ ಗನ್ನುಗಳು ಬ್ಯಾಟರಿ ಸೇರಿ ಮೂರು ಕಿಲೋ ದಾಟೋದೇ ಹೆಚ್ಚು. ಗಾಡಿ ಕೆಳಗೆ ಮಲಗಿ ಒಂದೇ ಕೈಯಲ್ಲಿ ಹಿಡಿಯೋರಿಗೆ ಆ ಭಾರ ಗೊತ್ತು.

ಇಂಪ್ಯಾಕ್ಟ್ ಡ್ರೈವರ್ ಅಂತ ಇನ್ನೊಂದು ಸಿಗುತ್ತೆ, ಕಾಲಿಂಚಿನ ಆರುಮೂಲೆ ತೂತಿನದು. ಅದು ಸ್ಕ್ರೂ ಕೆಲಸಕ್ಕೆ, ಈ ಕೆಲಸಕ್ಕಲ್ಲ.

ಬೆಂಗಳೂರು, ಪೀಣ್ಯ:
ಆನ್‌ಲೈನಲ್ಲಿ 88 ವೋಲ್ಟ್, 128 ವೋಲ್ಟ್ ಅಂತ ಚೀಟಿ ಅಂಟಿಸಿದ ಗನ್ನುಗಳನ್ನು ನಂಬಬೇಡಿ. ಬಹುಪಾಲು ಒಳಗಿರೋದು ಐದು ಸೆಲ್ಲಿನ ಸಾಲೇ. ಒಂದು ಲಿಥಿಯಂ ಸೆಲ್ಲಿಗೆ 3.6 ವೋಲ್ಟ್, ಐದಕ್ಕೆ 18. ಆಗಷ್ಟೇ ಚಾರ್ಜ್ ಆದಾಗ 21. ಕೆಲವರು '20 ವೋಲ್ಟ್ ಮ್ಯಾಕ್ಸ್' ಅಂತ ಮಾರೋದೂ ಇದನ್ನೇ.

ನಿಜವಾದ ವ್ಯತ್ಯಾಸ ಇರೋದು ಆಂಪ್-ಅವರ್‌ನಲ್ಲಿ, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋದರಲ್ಲಿ. 5 ಆಂಪ್-ಅವರ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಹತ್ತು ಸೆಲ್ಲು, ಎರಡು ಸಾಲು, ಆದ್ದರಿಂದ ಕರೆಂಟು ಹೆಚ್ಚು ಕೊಡುತ್ತೆ. ಅದೇ ಗನ್ನಿಗೆ 2ರ ಬ್ಯಾಟರಿ ಹಾಕಿದರೆ ಹಠ ಹಿಡಿದ ನಟ್ಟಿನ ಮುಂದೆ ಸೊರಗುತ್ತೆ. ಮನೆಯಲ್ಲಿ ಆಗಲೇ ಯಾವುದಾದರೂ ಕಂಪನಿಯ ಡ್ರಿಲ್ ಇದ್ದರೆ ಅದೇ ಬ್ಯಾಟರಿ ಕೂರುವ ಗನ್ ತಗೊಳ್ಳಿ, ಬರೀ ಗನ್ ಸಿಗುತ್ತೆ, ದುಡ್ಡು ಉಳಿಯುತ್ತೆ.

ಹುಬ್ಬಳ್ಳಿ:
ಸಾಕೆಟ್ ವಿಚಾರ ಯಾರೂ ಹೇಳಿಲ್ಲ ನೋಡ್ರಿ. ಕರಿ ಇಂಪ್ಯಾಕ್ಟ್ ಸಾಕೆಟ್ಟೇ ಹಾಕ್ರಿ, ಆರು ಮೂಲಿದು. ಹೊಳಿಯೋ ಕ್ರೋಮ್ ಸಾಕೆಟ್ ಕೈ ಪಾನಾಕ್ಕ ಮಾಡಿದ್ದು, ಗನ್ನಿನ ಹೊಡತಕ್ಕ ಸೀಳಿ ಹಾರಬಹುದು. ಕಣ್ಣಿಗೆ ಸೇಫ್ಟಿ ಗ್ಲಾಸ್ ಬೇಕ ಬೇಕು. ಉದ್ದ ಎಕ್ಸ್‌ಟೆನ್ಶನ್ ಹಾಕಿದ್ರ ಹೊಡತದ ಜೋರು ದಾರ್ಯಾಗ ಕಡಿಮಿ ಆಗತೈತಿ.

ಮಿಷಿಗನ್‌ನಿಂದ:
ನನ್ನದು ಫೋರ್ಡ್ ಎಫ್-150. ಚಕ್ರದ ನಟ್ಟಿಗೆ 21 ಎಂಎಂ ಸಾಕೆಟ್, ಬಿಗಿ 204 ನ್ಯೂಟನ್ ಮೀಟರ್. ಚಕ್ರಕ್ಕೆ ಮಧ್ಯಮ ಗನ್ ಇಲ್ಲೂ ಸಾಕು. ಆದರೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಡಿಯ ಸಸ್ಪೆನ್ಶನ್ ಬೋಲ್ಟುಗಳು ತುಕ್ಕಿನಲ್ಲಿ ಒಂದಾಗಿಬಿಡುತ್ತವೆ. ಅಲ್ಲಿ ದೊಡ್ಡ ಗನ್ನೇ ಬೇಕು. ಕಾರವಾರ, ಕುಂದಾಪುರದ ಕಡಲ ಗಾಳಿಯಲ್ಲಿ ಗಾಡಿ ನಿಲ್ಲಿಸೋರು ಇದನ್ನು ಯೋಚಿಸಿ. ನಿಮ್ಮ ಮಲೆನಾಡಿನ ಮಳೆಗೆ ವೈರ್ ಬ್ರಷ್ ಹೊಡೆದು, ತುಕ್ಕು ಸಡಿಲಿಸೋ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಹಾಸನ:
ಗನ್ನು ಬಿಚ್ಚೋಕೆ ಇರಲಿ ಅಣ್ಣಾ, ಬಿಗಿಯೋಕೆ ಬೇಡ. ಇದು ಮಾತ್ರ ಒತ್ತಿ ಹೇಳ್ತೀನಿ. ಟ್ರಿಗರ್ ಒತ್ತಿ ಹಿಡಿದರೆ ಸ್ಟಡ್ (ನಟ್ಟು ಕೂರುವ ಬೋಲ್ಟು) ಎಳೆದು ಹೋಗುತ್ತೆ, ರಸ್ತೆ ಪಕ್ಕ ಪಂಚರ್ ಆದ ದಿನ ಮನೆಯವರ ಕೈಲಿ ಆ ನಟ್ಟು ಬಿಚ್ಚೋಕೂ ಆಗಲ್ಲ. ಬೆರಳಲ್ಲಿ ತಿರುಗಿಸಿ ಕೂರಿಸಿ, ಎದುರುಬದುರು ನಟ್ಟು ಹಿಡಿದು ಪಾನಾದಲ್ಲಿ ಬಿಗಿದು, ಜಾಕಿ ಇಳಿಸಿದ ಮೇಲೆ ಟಾರ್ಕ್ ರೆಂಚ್ (ಬಿಗಿ ಎಷ್ಟು ಅಂತ ಅಳೆಯೋ ಪಾನಾ) ಹಾಕಿ. ಎಷ್ಟಕ್ಕೆ ಅಂತ ಗಾಡಿ ಪುಸ್ತಕದಲ್ಲೇ ಇರುತ್ತೆ. ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ನೋಡಿ. ಗನ್ನಿಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ಉಳಿಸಿ ಟಾರ್ಕ್ ರೆಂಚ್ ಜೊತೆಗೇ ತನ್ನಿ.